ಕಾಲುವೆ ದಂಡೆಯ ಸರ್ಕಾರ

ಶಿರವಾಳದ ಆಚೆ ಕಾಲುವೆ ಕಾಯುವ ಚಂದ್ರಾಮಪ್ಪನಿಗೆ ಇಲಾಖೆ ಒಂದು ಖಾಕಿ ಅಂಗಿ, ಒಂದು ಸೀಟಿ, ನಾಲ್ಕು ಕಿಲೋಮೀಟರ್ ನೀರು ಕೊಟ್ಟಿದೆ. ಅಷ್ಟಕ್ಕೇ ಆತ ಚಕ್ರವರ್ತಿ. ಬೆಳಗಾದರೆ ಮೀಸೆ ತೀಡಿಕೊಂಡು, ಚೈನು ಕಳಚುವ ಸೈಕಲ್ಲನ್ನು ದೂಡುತ್ತ ದಂಡೆಯ ಮೇಲೆ ದಂಡಯಾತ್ರೆ ಹೊರಡುತ್ತಾನೆ. ಹನ್ನೊಂದು ವರ್ಷದಿಂದ ದಿನಗೂಲಿ. “ಇಲ್ಲಿ ಸರ್ಕಾರ ಅಂದ್ರ ನಾನಽ ನೋಡ್ರಿ. ಆದ್ರ ಅದು ಸರ್ಕಾರಕ್ಕ ಇನ್ನಾ ಗೊತ್ತಾಗಿಲ್ಲ,” ಎಂದು ತಾನೇ ಮೊದಲು ನಗುತ್ತಾನೆ. ಕಾಲುವೆಗೆ ಇಳಿಯುವುದು ಅಪರಾಧವೆಂಬ ಫಲಕದ ಪಕ್ಕ ನಿಂತು ಸೀಟಿ ಊದಿದರೆ ಎಮ್ಮೆಗಳು ಒಮ್ಮೆ ತಲೆಯೆತ್ತಿ ನೋಡಿ, ಇನ್ನಷ್ಟು ಆಳಕ್ಕೆ ಸರಿಯುತ್ತವೆ. “ನನ್ನ ಹುಕುಂ ಅಂದ್ರ ಎಮ್ಮಿಗಿ ಜೋಗುಳ ಇದ್ದಂಗ,” ಎನ್ನುತ್ತಾನೆ. ನಲ್ಲಿ ಒಣಗಿದ ಓಣಿಯಿಂದ ಮುದುಕಿ ದೇವಕಮ್ಮ ಕೊಡ ಹಿಡಿದು ಬಂದರಂತೂ ಸಾಮ್ರಾಜ್ಯವೇ ಅಲುಗಾಡುತ್ತದೆ. ಅಲ್ಲಿ ಸಿಮೆಂಟಿನ ಇಳಿಜಾರು ಪಾಚಿಗಟ್ಟಿದೆ. ಹೋದ ವರ್ಷ ಜಾರಿದ ಹೆಣ್ಣುಮಗಳೊಬ್ಬಳು ತಿರುಗಿ ಬರಲಿಲ್ಲ. “ಇಳೀಬ್ಯಾಡಬೇ ಯವ್ವಾ, ಕಾಯ್ದೆ ಐತಿ.” “ಕಾಯ್ದೆ ಕುಡದ್ರ ನೀರಡಿಕಿ ಹೋಗತೈತೇನೋ ಯಪ್ಪಾ? ನೀರು ಕೇಳೋ ಹಕ್ಕು ನಮಗಿಲ್ಲೇನು?” ಇಲಾಖೆಯ ಸಾಹೇಬರ ಕಣ್ಣಿಗೆ ಬಿದ್ದರೆ ನಾಳೆಯಿಂದ ಕೆಲಸವಿಲ್ಲವೆಂಬುದು ಚಕ್ರವರ್ತಿಗೆ ಗೊತ್ತು. ಆದರೂ ಸೈಕಲ್ಲಿನ ಹಗ್ಗ ಬಿಚ್ಚಿ ಒಂದು ತುದಿಯನ್ನು ಅವಳ ಕೈಗೆ ಕೊಡುತ್ತಾನೆ. ಅವಳು ಸೊಂಟಕ್ಕೆ ಬಿಗಿದುಕೊಂಡು ಇಳಿಯುತ್ತಾಳೆ. ನೋಡಿದರೆ ವರದಿ ಮಾಡಬೇಕಾಗುತ್ತದೆಂದು ಚಂದ್ರಾಮಪ್ಪ ಕಾಲುವೆಗೆ ಬೆನ್ನು ತಿರುಗಿಸಿ, ಹಗ್ಗದ ತುದಿಯನ್ನು ಎರಡೂ ಕೈಗೆ ಸುತ್ತಿಕೊಂಡು, ಅವಳು “ಬಂದೆ” ಎನ್ನುವವರೆಗೂ ಉಸಿರು ಹಿಡಿದು ನಿಂತಿರುತ್ತಾನೆ.