ಗೆಣ್ಣುಗಳ ನಡುವಿನ ಪೆನ್ಸಿಲ್

ನಾನು ಐದನೇ ಇಯತ್ತೆಗೇ ಸಾಲಿ ಬಿಟ್ಟವಳು. ಬರೆಯಲು ಹೊತ್ತು ಹಿಡಿಯುತ್ತದೆ. ಆದರೂ ತಂಗಿಯ ವಿಷಯ ಬಾಯಲ್ಲಿ ಹೇಳಲಾಗದೆ ಬರೆಯುತ್ತಿದ್ದೇನೆ.

ಅವಳಿಗೆ ಆಗ ಎಂಟು ವರ್ಷ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿ. ತೊಟ್ಟು ಬಿಡಿಸುವ ಕೆಲಸಕ್ಕೆ ನಾನು ಅವ್ವನಿಗೆ ತಿಳಿಯದಂತೆ ಅವಳನ್ನು ಸಾಲಿ ತಪ್ಪಿಸಿ ಕರೆದೊಯ್ಯುತ್ತಿದ್ದೆ. ಎರಡು ಕೈ ಹೆಚ್ಚಾದರೆ ಚೀಲ ಲಗೂ ತುಂಬುತ್ತಿತ್ತು. ಅಲ್ಲಿ ಕೆಲಸ ಮಾಡುವ ಹೆಂಗಸರು ಅವಳಿಗೆ ಕಲಿಸಿದರು: ಬೆರಳ ತುದಿ ಉರಿಯತೊಡಗಿದರೆ ತುದಿಯಿಂದ ಏನನ್ನೂ ಮುಟ್ಟಬಾರದು, ಗೆಣ್ಣುಗಳ ನಡುವೆ ಹಿಡಿಯಬೇಕು. ಘಾಟು ಒಳಗೆ ಹೋಗದಂತೆ ಬಾಯಿ ಮುಚ್ಚಿರಬೇಕು. ಕಣ್ಣು ಉರಿದರೆ ಕೈ ಒಯ್ಯದೆ ಸುಮ್ಮನೆ ಕೂಡಬೇಕು. ಪಕ್ಕದವರು ಸೆರಗಿನಿಂದ ಒರೆಸುತ್ತಾರೆ.

"ಏ ಗೊಂಬಿ, ಉಸಿರರ ಬಿಡಬೇ" ಎಂದು ಒಬ್ಬ ಮುದುಕಿ ಅವಳನ್ನು ನೋಡಿ ನಗಾಡುತ್ತಿದ್ದಳು.

ಅಕ್ಷರ ಕೆಟ್ಟಿತೆಂದು ಸಾಲಿಯಲ್ಲಿ ಕಲಿಸುವ ಅಕ್ಕೋರು ಅವಳನ್ನು ಹಾವೇರಿಗೆ ಕಳಿಸಿದರು. ಮಕ್ಕಳು ಬರೆಯುವುದನ್ನು, ಕತ್ತರಿಸುವುದನ್ನು, ಅಂಟಿಸುವುದನ್ನು ನೋಡಿ ಅಂಕ ಹಾಕುವ ಥೆರಪಿ ಮೇಡಂ ಅಲ್ಲಿದ್ದರು. ಅವ್ವನಿಗೆ ಕೆಲಸವಿತ್ತು, ನಾನೇ ಕರೆದೊಯ್ದೆ. ಹಿಂದಿನ ಸಂಜೆಯವರೆಗೂ ಇಬ್ಬರೂ ತೊಟ್ಟು ಬಿಡಿಸಿದ್ದೆವು.

ಕಿಟಕಿಯ ಹೊರಗೆ ನಿಂತು ನೋಡಿದೆ. ತಂಗಿ ಎರಡೂ ಕೈಗಳನ್ನು ಮೇಜಿಗೆ ತಾಗಿಸದೆ ಎತ್ತಿ ಹಿಡಿದಿದ್ದಳು. ಪೆನ್ಸಿಲನ್ನು ಗೆಣ್ಣುಗಳ ನಡುವೆ ಸಿಕ್ಕಿಸಿ ಬರೆದಳು. ರಬ್ಬರನ್ನು ಮೊಣಕೈಯಿಂದ ಸರಿಸಿದಳು. ಅಂಟಿನ ಮುಚ್ಚಳ ಬರಲಿಲ್ಲ, ತೆಗೆದುಕೊಡಿ ಎನ್ನಲಿಲ್ಲ. ಕಣ್ಣಿಂದ ನೀರು ಇಳಿಯುತ್ತಿದ್ದರೂ ಬಾಯಿ ಮುಚ್ಚಿ, ಕದಲದೆ, ಯಾರೋ ಬರುವರೆಂಬಂತೆ ಕೂತಿದ್ದಳು. ದಿನವೂ ಕಂಡದ್ದೇ. ಆದರೆ ಮೆಣಸಿನಕಾಯಿಯೇ ಇಲ್ಲದ ಆ ಬಿಳಿ ಕೋಣೆಯಲ್ಲಿ ಅವಳು ಬೇರೆ ಯಾರದೋ ಮನೆಯ ಹುಡುಗಿಯಂತೆ ಕಂಡಳು.

ಮೇಡಂ ಹೊರಗೆ ಬಂದು ಕೇಳಿದರು: "ಈ ಪರೀಕ್ಷೆ ಬ್ಯಾರೆ ದೇಶದಾಗ ಮಾಡಿದ್ದು ನೋಡ್ರಿ. ನಮ್ಮ ಹುಡುಗರಿಗೆ ಪೂರಾ ಹೊಂದತೈತಿ ಅನ್ನಾಕ ಬರೂದಿಲ್ಲ. ಮನ್ಯಾಗ ಕೈಲೆ ಏನರ ಕೆಲಸ ಮಾಡ್ತಾಳೇನ್ರಿ? ಬ್ಯಾರೆ ಏನರ ರೂಢಿ?"

ಹೇಳಿದ್ದರೆ ಸಾಲಿ ತಪ್ಪಿಸಿದ್ದು ಅವ್ವನಿಗೆ ಗೊತ್ತಾಗುತ್ತಿತ್ತು.

"ಏನೂ ಇಲ್ರಿ" ಎಂದೆ. "ಮೊದಲಿಂದ ಹಿಂಗ ಅದಾಳ."

ಅವರು ಅದನ್ನೇ ಬರೆದುಕೊಂಡರು. ಸಹಾಯ ಕೇಳುವುದಿಲ್ಲ, ವಸ್ತು ಹಿಡಿಯಲು ಬರುವುದಿಲ್ಲ ಎಂದು ವರದಿಯಾಯಿತು. ತಂಗಿ ತನ್ನ ಗೆಳತಿಯರ ತರಗತಿ ಬಿಟ್ಟು, ಬಸ್ಸಿನಲ್ಲಿ ಇಂಥ ಮಕ್ಕಳಿಗೆಂದೇ ಇದ್ದ ರಾಣೇಬೆನ್ನೂರಿನ ಬೇರೆ ಸಾಲಿಗೆ ಹೋಗಬೇಕಾಯಿತು.

ಸುಗ್ಗಿ ಮುಗಿಯಿತು. ಅವಳ ಬೆರಳು ಮೆತ್ತಗಾದವು. ಆದರೆ ಮನೆಯಲ್ಲೂ ಅವಳು ಚಮಚವನ್ನು ಗೆಣ್ಣುಗಳ ನಡುವೆ ಹಿಡಿಯತೊಡಗಿದಳು. ಕರೆದರೆ ಬಾಯಿ ಬಿಡುತ್ತಿರಲಿಲ್ಲ. ನಾನು ಸುಳ್ಳು ಹೇಳಿ ಆ ವರದಿಯಲ್ಲಿ ಹುಟ್ಟಿಸಿದ ಹುಡುಗಿಯೇ ನಮ್ಮ ಮನೆಗೆ ಬಂದು ತಂಗಿಯ ತಾಟಿನಲ್ಲಿ ಉಣ್ಣುತ್ತಿದ್ದಳು.

ಅವ್ವ ಒಂದು ದಿನ ಅವಳನ್ನೇ ದಿಟ್ಟಿಸಿ, "ಈಕಿ ಮೊದಲಿಂದ ಹಿಂಗ ಇದ್ಲೇನಬೇ?" ಎಂದಳು.

ನಾನು ತಾಟುಗಳನ್ನು ಎತ್ತಿಕೊಂಡು ತೊಳೆಯಲು ಹೋದೆ.

ವರ್ಷದ ಮೇಲೆ ತಂಗಿಯನ್ನು ಕರೆದುಕೊಂಡು ಹಾವೇರಿಗೆ ಹೋಗಿ ಮೇಡಂಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಮತ್ತೆ ಪೆನ್ಸಿಲ್ ಕೊಟ್ಟು ನೋಡಿದರು. ಹಳೆಯ ವರದಿಗೂ ಈಗಿನದಕ್ಕೂ ಒಂದು ಅಂಕದ ವ್ಯತ್ಯಾಸವೂ ಇರಲಿಲ್ಲ. "ಆವತ್ತ ಹೇಳಿದ್ರ ಆ ಅಂಕ ಹಾಕತಿರಲಿಲ್ರಿ. ಈಗ ಇದು ಖರೇನ ಆಗೇತಿ" ಎಂದರು. ಅದೇ ಸಾಲಿ ಮುಂದುವರಿಯಿತು.

ಬಸ್ ಸ್ಟ್ಯಾಂಡಿನಲ್ಲಿ ತಂಗಿ ಬಹಳ ದಿನಗಳ ಮೇಲೆ ತಾನಾಗಿ ಮಾತಾಡಿದಳು.

"ಅಕ್ಕಾ, ಅವತ್ತ ನೀ ಕಿಡಕ್ಯಾಗ ನಿಂತಿದ್ದಿ ಅಲ್ಲಾ?"

"ಹೂಂ."

"ನೀ ಒಳಗ ಬಂದು ಕಣ್ಣ ಒರಸ್ತಿ ಅಂತ ತಿಳ್ಕೊಂಡಿದ್ನಿ."