ಪಕ್ಕದ ಮೇಜಿನವಳ ಬೋರ್ಡು

ಕೂಡ್ಲಿಗಿಯಲ್ಲಿ ಪಂಪ್‌ಸೆಟ್ಟನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಬೋರ್ಡು ತಯಾರಿಸುವ ಘಟಕದಲ್ಲಿ ಆಕೆ ನನ್ನ ಪಕ್ಕದ ಮೇಜಿನವಳು. ಕರೆಂಟು ಹೋದಾಗ ಬೋರ್ಡು ಮಲಗಬೇಕು, ಬಂದಾಗ ಎದ್ದು ಬಿಟ್ಟಲ್ಲಿಂದಲೇ ಕೆಲಸ ಮುಂದುವರಿಸಬೇಕು. ಇಬ್ಬರೂ ಒಂದೊಂದು ಮಾಡಿದ್ದೆವು. ಮಾಲೀಕರು ಒಂದನ್ನಷ್ಟೇ ಆರಿಸುವವರಿದ್ದರು.

ಮೇಜಿನ ಮೇಲೆ ಕರೆಂಟು ತೆಗೆದು ಕೊಟ್ಟಾಗ ನನ್ನದು ಪ್ರತಿ ಸಲವೂ ಎದ್ದಿತು. ಆಕೆ ಪೆನ್ನನ್ನು ಜಡೆಗೆ ಸಿಕ್ಕಿಸಿ ತನ್ನ ಎಂದಿನ ಮಾತು ಹೇಳಿದಳು: "ಇಲ್ಲಿ ಎದ್ರ ಎದ್ದಂಗಲ್ರಿ, ಹೊಲಕ್ಕ ನಡೀರಿ."

ಮಾಲೀಕರೊಂದಿಗೆ ಹೋಗಿ ಹೊಲದಲ್ಲಿ ಎರಡನ್ನೂ ಜೋಡಿಸಿದೆವು; ತ್ರೀಫೇಸ್ ಕರೆಂಟು ಬಂತು. ರೈತರೆಲ್ಲರೂ ಸ್ಟಾರ್ಟರನ್ನು ಕರೆಂಟು ಬಂದೊಡನೆ ತಾನೇ ಚಾಲೂ ಆಗುವಂತೆ ಆಟೋಗೆ ಬಿಟ್ಟಿರುವುದರಿಂದ ಸುತ್ತಲಿನ ಮೋಟರುಗಳು ಒಮ್ಮೆಲೇ ಶುರುವಾಗಿ ವೋಲ್ಟೇಜು ಕುಸಿಯಿತು. ನನ್ನ ಬೋರ್ಡು ಅರ್ಧಕ್ಕೇ ನಿಂತುಹೋಯಿತು. ಆಕೆಯದು ವೋಲ್ಟೇಜು ಏರುವವರೆಗೆ ಕಾದು ಎದ್ದಿತು.

"ನಿಂದಕ್ಕ ಭಾಳ ಅವಸರ ಐತಲೇ," ಎಂದು ಮಾಲೀಕರು ನಕ್ಕು, ಆಕೆಯದನ್ನು ಆರಿಸಿದರು.

ಆಕೆ ನನ್ನ ಬೋರ್ಡಿನ ಧೂಳನ್ನು ದುಪಟ್ಟಾದಿಂದ ಒರೆಸಿದಳು. "ಕಾಯೋದು ಇದಕ್ಕೂ ಕಲಿಸೋಣ ಬಿಡ್ರಿ."

ಆಕೆಯೂ ನಕ್ಕಿದ್ದರೆ ನನಗೆ ಹಗುರವಾಗುತ್ತಿತ್ತು.