ಕಿಟಕಿ ಸಾಹೇಬರ ಹದಿನೈದು ದಿನ

ಕೈಗೆ ಸಿಕ್ಕಿದ್ದನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ಗ್ಯಾಸ್ ಕೊಳವೆ ಸುರಕ್ಷತಾ ಕಚೇರಿಯ ಈ ತಪಾಸಣಾಧಿಕಾರಿಗಳ ಅಭ್ಯಾಸ. ಅಭ್ಯಾಸವೆಂದರೆ ಅವಮಾನವಾದೀತು; ಅದು ತಪಸ್ಸು. ನೋಟು, ಔಷಧಿ ಬಾಟಲಿ, ಗುಮಾಸ್ತರ ರಜಾ ಅರ್ಜಿ, ಮಗಳ ಅಂಕಪಟ್ಟಿ ಯಾವುದೂ ಆ ಬೆಳಕಿನಿಂದ ಪಾರಾಗಿಲ್ಲ. ಮದುವೆಗೆ ಮುಂಚೆ ಹೆಂಡತಿ ಬರೆದ ಮೊದಲ ಪತ್ರವನ್ನೂ ಹಾಗೇ ಹಿಡಿದು, ಹೊಡೆದುಹಾಕಿದ ಪದ ಯಾವುದೆಂದು ಕೇಳಿದ್ದರಂತೆ. ಆಕೆ ಆಮೇಲೂ ಮದುವೆಯಾದದ್ದು ಈ ಪುರಾಣದ ಮೊದಲ ಪವಾಡ. ಸೂರ್ಯ ಕೂಡ ಅವರ ಕಿಟಕಿಯೆದುರು ಕೊಂಚ ಅಳುಕುತ್ತಲೇ ಏರುತ್ತಿದ್ದನೆಂದು ಪ್ರತೀತಿ. ಕಚೇರಿಯಲ್ಲಿ ಅವರ ಹೆಸರೇ ಕಿಟಕಿ ಸಾಹೇಬರು.

ಕೆಲಸವೂ ಹೇಳಿ ಮಾಡಿಸಿದಂತಿತ್ತು. ನೆಲದಡಿ ಹೂಳುವ ಮುನ್ನ ಕೊಳವೆಯ ಪ್ರತಿ ಬೆಸುಗೆಗೂ, ಮುರಿದ ಮೂಳೆಗೆ ತೆಗೆದ ಹಾಗೆ, ಎಕ್ಸ್‌-ರೇ ತೆಗೆಯಬೇಕು. ಗುತ್ತಿಗೆದಾರ ಕಳಿಸಿದ ನಕಲುಗಳನ್ನು ನೋಡಿ ಸಾಹೇಬರು ಹದಿನೈದು ದಿನದೊಳಗೆ ಹೂಂ ಅಥವಾ ಉಹೂಂ ಬರೆಯಬೇಕು. ಏನೂ ಬರೆಯದಿದ್ದರೆ ಒಪ್ಪಿಗೆಯೆಂದೇ ಲೆಕ್ಕ. ಅಧಿಕಾರಿಗಳು ಕಡತದ ಮೇಲೆ ಕೂತು ಮೊಟ್ಟೆಯಿಡಬಾರದೆಂದು ಸರ್ಕಾರ ಮಾಡಿದ ನಿಯಮ.

ಈ ಸಲದ ಕೊಳವೆ ಅವರ ಅಕ್ಕನ ಅಡುಗೆಮನೆಯ ಹಿಂದಿನ ಓಣಿಯಲ್ಲೇ ಹಾಯ್ದಿತ್ತು. ನಕಲುಗಳು ಬಂದ ಮೂರನೇ ದಿನ ಸಾಹೇಬರು ಅವನ್ನು ಕಿಟಕಿಗೆ ಹಿಡಿದರು. ಮೂವತ್ತೆಂಟು ಬೆಸುಗೆ, ಮೂವತ್ತೆಂಟು ನಕಲುಗಳ ಎಡಮೂಲೆಯಲ್ಲೂ ನೊಣದ ಕಾಲಿನಂಥ ಒಂದೇ ಗೀರು.

"ಸಾರ್, ಒಂದೇ ಬೆಸುಗೆಯ ಫಿಲಂಗೆ ಮೂವತ್ತೆಂಟು ನಂಬರ್ ಹಾಕಿದ ಹಾಗಿದೆ" ಎಂದರು ಮೇಲಧಿಕಾರಿಗೆ.

"ನೀರು ತುಂಬಿ ಒತ್ತಡ ಕೊಟ್ಟು ನೋಡಿದಾರಲ್ರೀ, ತಡ್ಕೊಂಡಿದೆ."

"ಅವತ್ತು ತಡ್ಕೊಂಡಿದೆ ಸಾರ್. ಒಳಗೆ ಬಿರುಕಿದ್ರೆ ಅದು ಬೆಳೆಯೋದು ನಿಧಾನಕ್ಕೆ."

"ಹಾಗಾದ್ರೆ ಬೇಡ ಅಂತ ಬರೀರಿ. ನಿಮ್ಮ ಕೈ ಹಿಡ್ಕೊಂಡಿದೀನಾ?"

ಸಾಮಾನ್ಯ ಮನುಷ್ಯನಾಗಿದ್ದರೆ ಅಲ್ಲೇ ಬರೆದು ಊಟಕ್ಕೆ ಹೋಗುತ್ತಿದ್ದ. ನಮ್ಮ ವೀರರು ತಮ್ಮ ಅನುಮಾನವನ್ನೇ ಬೆಳಕಿಗೆ ಹಿಡಿದರು. ಆ ಗೀರು ನಕಲು ಯಂತ್ರದ ಗಾಜಿನದ್ದೇ ಆಗಿದ್ದರೆ? ತಪ್ಪಿಲ್ಲದವನ ಮೇಲೆ ತಪ್ಪು ಹೊರಿಸಿದಂತಾಗದೆ? ಮೂಲ ಫಿಲಂ ಕಳಿಸಿ ಎಂದು ಪತ್ರ ಹಾಕಿದರು. ಉಗ್ರಾಣದವರು ರಜೆಯಲ್ಲಿದ್ದಾರೆಂದು ಗುತ್ತಿಗೆದಾರನಿಂದ ವಿನಯವೇ ಮೈವೆತ್ತ ಉತ್ತರ ಬಂತು. ಮತ್ತೊಂದು ಪತ್ರ, ಬೀಗದ ಕೈ ಸಿಗುತ್ತಿಲ್ಲ. ಇನ್ನೊಂದು, ವ್ಯಾನು ಕೆಟ್ಟಿದೆ, ನಾಳೆ ಖಂಡಿತ. ಪತ್ರಗಳಲ್ಲಿ ಒಂದು ಅಲ್ಪವಿರಾಮವೂ ತಪ್ಪಿರಲಿಲ್ಲ.

ಹದಿನಾರನೇ ಬೆಳಿಗ್ಗೆ ಕಂಪ್ಯೂಟರ್ ತಾನಾಗಿಯೇ ಒಪ್ಪಿಗೆ ಪತ್ರ ಹೊರಡಿಸಿತು. ಕೆಳಗೆ ಸಾಹೇಬರ ಹೆಸರು.

ಮರುದಿನ ಪೆಟ್ಟಿಗೆ ಬಂತು. ರಜೆ ಮುಗಿಸಿ ಬಂದ ಉಗ್ರಾಣದವನು ಪಾಪ, ಪ್ರಾಮಾಣಿಕ, ಇದ್ದದ್ದನ್ನೆಲ್ಲ ಕಳಿಸಿದ್ದ. ಇದ್ದದ್ದು ಒಂದೇ ಒಂದು ಫಿಲಂ. ಗೀರು ಅದರಲ್ಲೇ ಇತ್ತು.

"ಈಗಲಾದ್ರೂ ಅಗೆಸಿ ನೋಡೋಣ ಸಾರ್" ಎಂದು ಸಾಹೇಬರು ಮೇಲಧಿಕಾರಿಯ ಮೇಜು ಹಿಡಿದು ನಿಂತರು.

"ಏನಂತ ಅಗೆಸ್ಲಿ? ಒಪ್ಪಿಗೆ ಕೊಟ್ಟೋರು ನೀವೇ. ನಿನ್ನೆ ರಾತ್ರಿಯೇ ಮಣ್ಣು ಮುಚ್ಚಿ ಡಾಂಬರು ಹಾಕಿ ಆಗಿದೆ, ನಾಳೆ ಉದ್ಘಾಟನೆ. ಹೋಗಿ, ನೀರು ಕುಡೀರಿ."

ಉದ್ಘಾಟನೆಯಾಯಿತು. ಗ್ಯಾಸು ಓಣಿಯ ಕೆಳಗೆ ಸದ್ದಿಲ್ಲದೆ ಹರಿಯಿತು. ಸಾಹೇಬರು ಅಂದೇ ಸಂಜೆ ಅಕ್ಕನ ಮನೆಗೆ ಹೋಗಿ, ಗಂಟು ಕಟ್ಟು, ನಮ್ಮ ಮನೆಗೆ ಬಂದುಬಿಡು ಎಂದು ನಡೆದದ್ದನ್ನೆಲ್ಲ ಹೇಳಿದರು. ಅಕ್ಕ ಒಲೆಯ ಮುಂದೆ ಕೈಯಲ್ಲಿ ಸೌಟು ಹಿಡಿದೇ ಕೇಳಿದಳು.

"ನಾನೊಬ್ಬಳು ಬಂದ್ರೆ ಆಯ್ತಾ? ಎದುರು ಮನೆ ಬಾಣಂತಿ? ಮೂಲೆ ಮನೆ ದರ್ಜಿ? ನಮ್ಮ ತಮ್ಮನೇ ನೋಡಿ ಒಪ್ಪಿದ್ದು ಅಂತ ಓಣಿಗೆಲ್ಲ ಹೇಳಿಕೊಂಡು ಬಂದಿದೀನಲ್ಲೋ!"

ಅಕ್ಕ ಒಲೆ ಆರಿಸಿ ತಮ್ಮನ ಕಡೆ ತಿರುಗಿದಳು.

"ಮೂರನೇ ದಿನವೇ ಗೊತ್ತಾಗಿತ್ತು ಅಂತೀಯ. ಬೇಡ ಅಂತ ಒಂದು ಮಾತು ಬರೀಲಿಲ್ವೇನೋ?"

"ಬರೀಬೇಕು ಅಂತಾನೇ ಇದ್ದೆ ಅಕ್ಕ. ಖಾತ್ರಿ ಮಾಡ್ಕೊಳ್ತಾ ಇದ್ದೆ."